ಮಾವ ಹೂಡಿ ನೋಡಿದ ಮೂರು ಗಾಡಿಗಳು

ಬಿಸಿ ಸೈಲೆನ್ಸರಿಗೆ ಮೆತ್ತಿದ ರಾಡಿ ಒಣಗಿ ಸುಡುವಾಗ ಒಂದು ವಾಸನೆ ಬರುತ್ತದೆ. ಹೊಸ ಮಡಕೆಗೆ ಮೊದಲ ಸಲ ನೀರು ತುಂಬಿದಾಗ ಬರುವ ವಾಸನೆಗೆ ಸ್ವಲ್ಪ ಹತ್ತಿರ. ಆದರೆ ಅದರೊಳಗೆ ಪೆಟ್ರೋಲು, ಹಸಿ ಹುಲ್ಲು, ಸೆಗಣಿ ಎಲ್ಲ ಸೇರಿರುತ್ತವೆ. ನಿನ್ನೆ ಸಂಜೆ ತಿಳವಳ್ಳಿಯ ನಮ್ಮ ಮನೆಯ ಅಂಗಳದಲ್ಲಿ ಬೈಕು ನಿಲ್ಲಿಸಿ ಹೆಲ್ಮೆಟ್ ತೆಗೆದೆ. ಈ ವರ್ಷದ ಮೊದಲ ರಾಡಿ ಹಾಗೆ ಸುಡುತ್ತಿತ್ತು. ಒಳಗಿನಿಂದ ಮಾವ ಕೂಗಿದರು.

“ಮಳಿ ಹಿಡೀತೇನವಾ ಆ ಕಡೆ?”

ಮಂಚದ ಮೇಲಿದ್ದವರಿಗೆ ಅಲ್ಲಿಗೇ ವಾಸನೆ ಮುಟ್ಟಿತ್ತು. ಹೂಂ ಎಂದೆ. ಒಳಗೆ ಹೋಗಬೇಕಾದವಳು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಬಿಟ್ಟೆ. ಈ ಬೈಕು ಮನೆಗೆ ಬಂದ ಆ ಒಂದು ಮಳೆಗಾಲ ಪೂರ್ತಿಯಾಗಿ ನೆನಪಿಗೆ ಬಂತು.

ನಾನು ದನದ ಡಾಕ್ಟರು. ಎತ್ತರದಲ್ಲಿ ಹೇಳಿಕೊಳ್ಳುವಂಥವಳಲ್ಲ. ದೊಡ್ಡ ಎಮ್ಮೆಯ ಗರ್ಭ ನೋಡಬೇಕಾದರೆ ಕಾಲ ಕೆಳಗೆ ಒಂದು ಕಲ್ಲೋ ಮಣೆಯೋ ಬೇಕು. ತಿಳವಳ್ಳಿಯ ಪಶು ಆಸ್ಪತ್ರೆಗೆ ಬಂದಾಗ ಮದುವೆಯಾಗಿ ಬಹಳ ದಿನವಾಗಿರಲಿಲ್ಲ. ಗಂಡನ ಊರಿಗೇ ನೌಕರಿ ಸಿಕ್ಕಿತೆಂದು ತವರಿನವರು ಪೇಡೆ ಹಂಚಿದ್ದರು. ನಮ್ಮ ಮನೆಯವರು ಶಿಗ್ಗಾಂವಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ವಾರವೆಲ್ಲ ಅಲ್ಲೇ ರೂಮು, ಶನಿವಾರ ಸಂಜೆಯ ಬಸ್ಸಿಗೆ ಮನೆ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಮನೆಯಲ್ಲಿ ನಾನು, ಮಾವ ಫಕ್ಕೀರಪ್ಪ, ಅವರ ಎರಡು ಎತ್ತು. ಸುತ್ತಲಿನ ಹಳ್ಳಿಗಳಲ್ಲಿ ಯಾರೇ ಎತ್ತು ಕೊಳ್ಳಲಿ, ಮಾವನನ್ನು ಜೊತೆಗೆ ಕರೆದೊಯ್ಯದೆ ಹಗ್ಗ ಹಿಡಿಯುತ್ತಿರಲಿಲ್ಲ. ಊಟಕ್ಕೆ ಕುಳಿತರೆ ನಮ್ಮಿಬ್ಬರ ಮಾತು ದನದ ಸುತ್ತಲೇ. ಅವರ ಅರ್ಧ ಮಾತನ್ನು ನಾನು ಒಪ್ಪುತ್ತಿರಲಿಲ್ಲ, ನನ್ನ ಅರ್ಧ ಮಾತನ್ನು ಅವರು ಒಪ್ಪುತ್ತಿರಲಿಲ್ಲ. ಆದರೂ ಇಬ್ಬರೂ ಕೈ ಒಣಗುವವರೆಗೆ ಏಳುತ್ತಿರಲಿಲ್ಲ.

ಹಳ್ಳಿಗಳಿಗೆ ಓಡಾಡುತ್ತಿದ್ದ ಸ್ಕೂಟರಿನಿಂದ ಬೀಳುವವರೆಗೆ ಎಲ್ಲ ಚೆನ್ನಾಗಿತ್ತು. ಬಿದ್ದದ್ದು ಈ ಬೈಕು ಬರುವುದಕ್ಕೂ ಹಿಂದಿನ ವರ್ಷದ ಮಳೆಯಲ್ಲಿ. ಹೊಲದ ದಾರಿಯ ರಾಡಿಯಲ್ಲಿ ಗಾಲಿ ಜಾರಿ, ಸ್ಕೂಟರು ನನ್ನ ಎಡಗಾಲಿನ ಮೇಲೆ ಮಲಗಿತು. ಎತ್ತಲು ನೋಡಿದೆ, ಅಲುಗಲಿಲ್ಲ. ಎರಡೂ ಕಡೆ ಆಳೆತ್ತರದ ಗೋವಿನಜೋಳ. ಕೂಗಿದರೆ ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಕುರಿಯವರೊಬ್ಬರು ಆ ದಾರಿಯಲ್ಲಿ ಬರುವವರೆಗೆ ಕೆಸರಿನಲ್ಲಿ ಹಾಗೇ ಬಿದ್ದಿದ್ದೆ. ಪಾದದ ಹರಡು ಮುರಿದಿತ್ತು. ಎಲುಬು ಕೂಡಿಕೊಂಡಿತು. ಧೈರ್ಯ ಮಾತ್ರ ಕೂಡಿಕೊಳ್ಳಲಿಲ್ಲ.

ಆಮೇಲೆ ಡಾಂಬರು ಇರುವಷ್ಟು ದೂರವೇ ನನ್ನ ಓಡಾಟ. ಒಳಗಿನ ಹಳ್ಳಿಗಳಿಂದ ಫೋನ್ ಬಂದರೆ “ದನಾ ಹೊಡಕೊಂಡು ಬರ್ರಿ” ಎನ್ನುತ್ತಿದ್ದೆ. ಕರು ಹಾಕಲಾಗದೆ ಒದ್ದಾಡುವ ಎಮ್ಮೆ ಎಲ್ಲಿಗೆ ನಡೆದೀತು? ಅವರು “ಹೂನ್ರಿ ಬಾಯಾರ” ಎಂದು ಫೋನ್ ಇಡುತ್ತಿದ್ದರು. ಆ ದಿನ ನನಗೆ ಊಟ ಸೇರುತ್ತಿರಲಿಲ್ಲ. ಶಿಗ್ಗಾಂವಿಯಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಆಸ್ಪತ್ರೆ ಹೆದ್ದಾರಿಯ ಪಕ್ಕದಲ್ಲೇ, ನಮ್ಮವರ ರೂಮಿಗೂ ಹತ್ತಿರ. ವರ್ಗಾವಣೆ ಕೇಳು ಎಂದು ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನೂ ಕೇಳಲು ಸಿದ್ಧಳಾಗಿದ್ದೆ. ಆದರೆ ನನಗೆ ಬೇಕಾಗಿದ್ದುದು ಆ ಹಳ್ಳಿಗಳ ಕೆಲಸವೇ. ಅದನ್ನು ಬಿಟ್ಟು ಓಡುತ್ತಿದ್ದೇನೆ ಎಂಬುದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಒಂದು ದಿನ ಎತ್ತಿಗೆ ಮೇವು ಹಾಕುತ್ತ, ನನ್ನ ಕಡೆ ನೋಡದೆಯೇ ಮಾವ ಹೇಳಿದರು. “ಹೋಗೂದಾದ್ರ ಹೋಗವಾ, ನಾ ಏನೂ ಅನ್ನೂದಿಲ್ಲ. ಆದ್ರ ಅಂಜಿ ಹೋಗಬ್ಯಾಡ. ಇಲ್ಲಿ ಅಂಜಿದಾಕಿ ಅಲ್ಲೂ ಅಂಜತೀ. ಈ ಮಳಿಗಾಲ ಒಂದು ನೋಡು. ಗಾಡಿ ಬದಲಿ ಮಾಡೂಣು.”

ಗಾಡಿ ಹುಡುಕಲು ಅವರು ನೆನೆಸಿಕೊಂಡದ್ದು ಸವಣೂರಿನ ಇಮಾಮಸಾಬರನ್ನು. ಇಮಾಮಸಾಬರ ತೀರಿಹೋದ ತಂದೆ ದನದ ಪೇಟೆಯಲ್ಲಿ ದಲ್ಲಾಳಿಯಾಗಿದ್ದವರು, ಮಾವನ ಹಳೆಯ ಗೆಳೆಯ. ಮಗ ಎತ್ತು ಬಿಟ್ಟು ಹಳೆಯ ಮೋಟರ್‌ಸೈಕಲ್ಲುಗಳ ವ್ಯಾಪಾರ ಹಿಡಿದಿದ್ದರು. ಹುಬ್ಬಳ್ಳಿಯ ಹುಡುಗರು ಭಾನುವಾರ ಗುಡ್ಡ ಹತ್ತುವುದಕ್ಕೆಂದು ಕೊಂಡು, ಮನೆಯಲ್ಲಿ ಬೈಸಿಕೊಂಡು ಮಾರಿಬಿಡುವ ಎತ್ತರದ ಬೈಕುಗಳು ಅವರ ಅಂಗಡಿಗೆ ಬರುತ್ತಿದ್ದವು. ಅವಕ್ಕೆ ಎಂಡ್ಯೂರೋ ಎನ್ನುತ್ತಾರೆ. ಡಾಂಬರಿನ ಮೇಲೂ ಓಡಬೇಕು, ಡಾಂಬರು ಮುಗಿದ ಮೇಲೂ ಓಡಬೇಕು, ಅದು ಅವುಗಳ ಕೆಲಸ. ಮೂರು ಗಾಡಿ ಇವೆ, ಮೂರೂ ಫೋರ್ ಸ್ಟ್ರೋಕು, ಬಂದು ಒಂದು ಆರಿಸಿಕೊಳ್ಳಿ ಎಂದರು ಇಮಾಮಸಾಬ್. ಮಾವ ಒಪ್ಪಲಿಲ್ಲ.

“ನಿಮ್ಮಪ್ಪ ಇದ್ದಾಗ ಎತ್ತು ಹೂಡಿ ನೋಡದ ಎಂದಾರ ತಗೊಂಡೇನಿ ಏನ? ಒಂದೊಂದನ್ನ ಒಂದೊಂದ ವಾರ ನಮ್ಮ ಮನ್ಯಾಗ ಬಿಡು. ಹೂಡಿ ನೋಡತೇವಿ.”

ನಮ್ಮ ಕಡೆ ಅದು ರೂಢಿ. ಮಾತು ಮುಗಿಯುವ ಮೊದಲು ಎತ್ತನ್ನು ಮನೆಗೆ ತಂದು, ನೊಗಕ್ಕೆ ಕಟ್ಟಿ, ನಾಲ್ಕು ಸಾಲು ಹೊಡೆದು ನೋಡುತ್ತಾರೆ. ಮೋಟರ್‌ಸೈಕಲ್ಲಿಗೆ ಆ ರೂಢಿಯನ್ನು ಹಚ್ಚಿದ್ದು ನಮ್ಮ ಮಾವ ಒಬ್ಬರೇ ಇರಬೇಕು. ಇಮಾಮಸಾಬ್ ನಕ್ಕು ಹೂಂ ಎಂದರು.

ಮೊದಲು ಬಂದದ್ದು ಬೂದು ಬಣ್ಣದ ದೊಡ್ಡದು. ನಾನೂರು ಸಿ.ಸಿ.ಗೂ ಮೇಲಿನ ಒಂದೇ ಸಿಲಿಂಡರು. ಧಡ್ ಧಡ್ ಎಂದು ನಿಧಾನಕ್ಕೆ ಎಳೆಯುವ ಎಂಜಿನ್ನು. ಮೂರನೇ ಗೇರಿನಲ್ಲಿ ಮರೆತುಬಿಟ್ಟರೂ ಬಂದ್ ಬೀಳುತ್ತಿರಲಿಲ್ಲ. ಗೇರಿನ ಗಾಡಿಯನ್ನು ತವರಿನಲ್ಲಿ ಅಣ್ಣ ಕಲಿಸಿದ್ದ, ಕೈಗೆ ಬೇಗ ಹೊಂದಿತು. ಸೀಟು ಗಿಡ್ಡ, ಕುಳಿತರೆ ನನ್ನ ಎರಡೂ ಪಾದ ನೆಲಕ್ಕೆ ಊರುತ್ತಿದ್ದವು. ಹಾನಗಲ್ಲಿನ ಮೇಲೆ ಹಾಯ್ದು ಶಿಗ್ಗಾಂವಿಗೆ ಹೋಗಿ ಬಂದೆ. ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾರಿಹೋದರೂ ಗಾಡಿ ಅಲುಗಲಿಲ್ಲ. ನಮ್ಮವರು ಮೊಬೈಲಿನಲ್ಲಿ ಒಂದಷ್ಟು ವಿಡಿಯೊ ನೋಡಿ ಇದೇ ಸೈ ಎಂದುಬಿಟ್ಟರು. ನನಗೂ ಹಾಗೇ ಅನ್ನಿಸಿತು. ನೆಲಕ್ಕೆ ಕಾಲು ಮುಟ್ಟಿದರೆ ಇನ್ನೇನು ಬೇಕು?

ಎರಡನೆಯದು ನೀಲಿ. ಎಂಜಿನ್ನು ತುಸು ಸಣ್ಣದು, ಶಕ್ತಿ ಮಾತ್ರ ಹೆಚ್ಚು. ನೀರಿನಿಂದ ತಂಪಾಗುವ ಎಂಜಿನ್ನು. ಕೈ ತಿರುವಿದರೆ ಹಿಂದಿನ ಗಾಲಿ ರಾಡಿಯನ್ನು ಸೂರಿನವರೆಗೆ ಎರಚುತ್ತಿತ್ತು. ಕೆರೆಯ ಏರಿಯ ಮೇಲೆ ಓಡಿಸುವಾಗ ಹುರುಪು ಬಂದದ್ದು ಸುಳ್ಳಲ್ಲ. ಆದರೆ ಮುಂದೆ ಎಮ್ಮೆಗಳ ಹಿಂಡು ಇದ್ದು ಮೆಲ್ಲಗೆ ಹೋಗಬೇಕಾದಾಗ ಫ್ಯಾನು ಬುಸುಗುಟ್ಟಿ ಮೊಣಕಾಲಿಗೆ ಬಿಸಿಗಾಳಿ ಬಡಿಯುತ್ತಿತ್ತು. ಸ್ವಲ್ಪ ಕೈ ಸಡಿಲಿಸಿದರೆ ಎಂಜಿನ್ನು ಬಂದ್. ನಮ್ಮ ಕೆಲಸವೋ ಎಮ್ಮೆಗಳ ಹಿಂದೆಯೇ ಹೋಗುವುದು. ಮಾವ ಕಟ್ಟೆಯ ಮೇಲೆ ಕುಳಿತು ನೋಡಿ ತೀರ್ಪು ಕೊಟ್ಟರು. “ಇದು ಓಟದ ಹೋರಿ ಐತಿ. ಕಂಡ್ರ ಚೆಂದ, ನೇಗಿಲಕ್ಕ ಕಟ್ಟಬಾರ್ದು.”

ಮೂರನೆಯದು ಬಿಳಿ, ಇನ್ನೂರ ಚಿಲ್ಲರೆ ಸಿ.ಸಿ. ಗಾಳಿಗೆ ತಂಪಾಗುವ ಸಾದಾ ಎಂಜಿನ್ನು. ಮೂರರಲ್ಲಿ ಹಗುರಾದದ್ದು ಅದು. ಟ್ಯಾಂಕು ಸಣ್ಣದು, ಹಾನಗಲ್ಲಿನ ಪಂಪಿಗೆ ಮೇಲಿಂದ ಮೇಲೆ ಹೋಗಬೇಕು. ಹೆದ್ದಾರಿಯಲ್ಲಿ ಜೋರು ಮಾಡಿದರೆ ಹ್ಯಾಂಡಲ್ಲು ನಡುಗಿ ಕೈ ಜುಮ್ಮೆನ್ನುತ್ತಿತ್ತು. ತಗ್ಗು ಗುಂಡಿಗಳಲ್ಲಿ ಮಾತ್ರ ಅದರ ಉದ್ದನೆಯ ಶಾಕ್‌ಅಬ್ಸಾರ್ಬರುಗಳು ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದವು. ಆದರೆ ಅದರ ಎತ್ತರ! ಹತ್ತಬೇಕಾದರೆ ಅಂಗಳದ ಕಟ್ಟೆಗೆ ಗಾಡಿ ಒರಗಿಸಬೇಕು. ಕುಳಿತರೆ ಒಂದು ಕಾಲಿನ ಹೆಬ್ಬೆರಳಷ್ಟೇ ನೆಲಕ್ಕೆ. ನಾನೂ ನಮ್ಮವರೂ ಒಂದೇ ಉಸಿರಿನಲ್ಲಿ ಬೇಡ ಎಂದೆವು. ಮಾವ ಮಾತ್ರ ಅದರ ಸುತ್ತ ಒಂದು ಸುತ್ತು ಬಂದರು. ಎಂಜಿನ್ನಿನ ಅಡಿಗೆ ಕೈ ಹಾಕಿ ನೆಲಕ್ಕೂ ಅದಕ್ಕೂ ಎಷ್ಟು ದೂರ ಎಂದು ಗೇಣು ಹಾಕಿದರು. ಟೈರಿನ ಗಡ್ಡೆಗಳನ್ನು ಒತ್ತಿ ನೋಡಿದರು.

“ಹೊಟ್ಟಿಗೆ ಕಲ್ಲು ತಾಗೂದಿಲ್ಲ. ಗೊರಸೂ ಚಲೋ ಅದಾವ. ಇರ್ಲಿ, ಐತವಾರ ಮೂರೂ ತರಸೂಣು.”

ಭಾನುವಾರ ಇಮಾಮಸಾಬ್ ಮೂರೂ ಗಾಡಿಗಳನ್ನು ತಂದು ಮನೆಯ ಹಿಂದಿನ ಹೊಲದಲ್ಲಿ ಸಾಲಾಗಿ ನಿಲ್ಲಿಸಿದರು. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಮಾವ ಹೇಳಿದರು, “ಮೂರೂ ಮಲಗಸ್ರಿ.”

“ಕಾಕಾ! ಗಾಡಿ ಯಾರರ ಮಲಗಸ್ತಾರೇನ್ರಿ?”

“ನಿಮ್ಮಪ್ಪ ಎತ್ತು ಮಲಗಸ್ತಿದ್ದಿಲ್ಲೇನ? ಹೆಂಗ ಏಳತೈತಿ ಅಂತ ನೋಡತಿದ್ದಿಲ್ಲೇನ?”

ಅದು ನನಗೂ ಗೊತ್ತಿದ್ದ ಮಾತು. ಎತ್ತು ನಿಂತಾಗ ಎಲ್ಲ ಮುಚ್ಚಿಕೊಳ್ಳುತ್ತದೆ, ಏಳುವಾಗ ಮುಚ್ಚಿಕೊಳ್ಳಲು ಆಗುವುದಿಲ್ಲ. ಹಿಂಗಾಲು ಮೊದಲು ಎತ್ತಿ, ಮುಂಗಾಲ ಮೊಣಕಾಲಿನ ಮೇಲೆ ಒಂದು ಗಳಿಗೆ ನಿಂತು ಏಳುವಾಗ ಎಲ್ಲಿ ನೋವಿದೆ ಎಂದು ಕಂಡುಬಿಡುತ್ತದೆ. ಯಾವ ದನ ನೋಡಲು ಹೋದರೂ ನಾನು ಮೊದಲು ಹೇಳುವುದು “ಎಬ್ಬಸ್ರಿ” ಎಂದೇ. ಆದರೆ ಗಾಡಿ ತಾನಾಗಿ ಏಳುವುದಿಲ್ಲವಲ್ಲ ಎಂದೆ.

“ಅದನ್ನ ಎಬ್ಬಸಾಕಿ ನೀನು. ಅದಕ್ಕ ನಾ ನಿನ್ನ ನೋಡಾಕತ್ತೇನಿ, ಗಾಡೀನ ಅಲ್ಲ,” ಎಂದರು ಮಾವ.

ನೆಲದ ಮೇಲೆ ಮಲಗಿದ ಗಾಡಿ ಕಂಡರೆ ಸಾಕು, ಹರಡು ತಾನಾಗಿ ನೋಯುತ್ತಿತ್ತು. ಇಮಾಮಸಾಬರಿಗೆ ಅದು ತಿಳಿಯಿತೋ ಏನೋ, ಹತ್ತಿರ ಬಂದು ಮೆಲ್ಲಗೆ ಹೇಳಿಕೊಟ್ಟರು. “ಎದುರ ನಿಂತು ಬಗ್ಗಿ ಎತ್ತಬ್ಯಾಡ್ರಿ ಬಾಯಾರ, ನಡಾ ಹಿಡೀತೈತಿ. ಮೊದಲ ಗೇರನ್ಯಾಗ ಹಾಕ್ರಿ, ಗಾಡಿ ಉರುಳೂದಿಲ್ಲ. ಈಗ ಗಾಡಿಗೆ ಬೆನ್ನ ಕೊಟ್ಟು ತಗ್ಗಿ ಕುಂಡ್ರಿ. ಒಂದ ಕೈ ಹ್ಯಾಂಡಲ್ಲಿಗೆ, ಒಂದ ಕೈ ಹಿಂದಿನ ಕಂಬಿಗೆ. ಕೈಲೆ ಎತ್ತಬ್ಯಾಡ್ರಿ, ಕಾಲಿಲೆ ಏಳ್ರಿ. ಹಿಂದಕ್ಕ ಹಿಂದಕ್ಕ ಹೆಜ್ಜಿ ಇಡ್ರಿ.”

ಬೂದು ಬಣ್ಣದ್ದು ಎರಡು ಕ್ವಿಂಟಲ್ಲಿಗೆ ಹತ್ತಿರದ ತೂಕ. ಒಂದು ಗೇಣು ಎದ್ದು ಮತ್ತೆ ಮಲಗಿತು, ಮತ್ತೆ ಮತ್ತೆ ಹಾಗೇ ಆಯಿತು. ನೀಲಿಯದು ಹೇಗೋ ಎದ್ದಿತು, ಆದರೆ ಇನ್ನೊಂದು ಸಲ ನನ್ನಿಂದ ಆಗುತ್ತಿರಲಿಲ್ಲ. ಬಿಳಿಯದಕ್ಕೆ ಬೆನ್ನು ಕೊಟ್ಟು ಕುಳಿತೆ, ಎದ್ದೆ, ಅದೂ ನನ್ನ ಜೊತೆ ಎದ್ದಿತು. ಅಷ್ಟೇ. ನಂಬಿಕೆ ಬರದೆ ಅದನ್ನು ಮಲಗಿಸಿ ಇನ್ನೊಮ್ಮೆ ಎಬ್ಬಿಸಿದೆ.

“ಕಾಲು ನೆಲಕ್ಕ ಹತ್ತತಾವೋ ಇಲ್ಲೋ ಅಂತ ಎಲ್ಲಾರೂ ಅದನ್ನ ನೋಡಿದ್ರಿ,” ಎಂದರು ಮಾವ. “ರಾಡ್ಯಾಗ ಬೀಳೂದ ಐತಿ. ಬಿದ್ದಲ್ಲಿಂದ ಒಬ್ಬಾಕಿ ಎದ್ದು ಬರಾಕ ಆಗಬೇಕು.” ನಮ್ಮವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

ಬಿಳಿ ಗಾಡಿ ಸವಣೂರಿಗೆ ಹೋಗಿ ಸೀಟಿನ ಸ್ಪಂಜು ಕೊಯ್ಸಿಕೊಂಡು, ಔಷಧದ ಪೆಟ್ಟಿಗೆಗೆ ಹಿಂದೆ ಕಂಬಿ ಕೂಡಿಸಿಕೊಂಡು ಮರಳಿ ಬಂತು. ಹುಲಗೂರಿನ ದರ್ಗಾದಲ್ಲಿ ಸಕ್ಕರೆಗೆ ಫಾತಿಹಾ ಓದಿಸಿಕೊಂಡು ಬಂದೇನಿ ಎಂದು ಇಮಾಮಸಾಬ್ ಪೊಟ್ಟಣ ಕೊಟ್ಟರು. ಮಾವ ಒಂದು ಚಿಟಿಕೆ ಬಾಯಿಗೆ, ಒಂದು ಚಿಟಿಕೆ ಟ್ಯಾಂಕಿನ ಮೇಲೆ ಹಾಕಿದರು. ಟ್ಯಾಂಕಿನ ಒಳಗೆ ಹಾಕಲಿಲ್ಲವಲ್ಲ ಎಂದು ನಾನು ದೇವರನ್ನು ನೆನೆದೆ.

ಈಗ ಅರ್ಧ ಪಾದ ನೆಲಕ್ಕೆ ಸಿಗುತ್ತಿತ್ತು. ನಿಲ್ಲಿಸುವಾಗ ಸೀಟಿನಿಂದ ಒಂದು ಕಡೆ ಸರಿದು ಒಂದೇ ಕಾಲು ಊರುವುದು, ಕೆಸರು ಬಂದಾಗ ಎದ್ದು ನಿಂತು ಓಡಿಸುವುದು, ಎಲ್ಲ ಕಲಿತೆ. ಆದರೆ ನಡೆದದ್ದು ಇಷ್ಟು: ಡಾಂಬರಿನ ಕೊನೆಯವರೆಗೆ ಹೋಗುತ್ತಿದ್ದೆ, ಮುಂದಿನ ರಾಡಿಯನ್ನು ನೋಡುತ್ತಿದ್ದೆ, ಗಾಡಿ ತಿರುಗಿಸಿಕೊಂಡು ಬರುತ್ತಿದ್ದೆ. ಗಾಲಿಗೆ ಕೆಸರಿಲ್ಲದೆ ಗಾಡಿ ಮನೆಗೆ ಬಂದದ್ದನ್ನು ಮಾವ ನೋಡುತ್ತಿದ್ದರು. ಒಂದು ದಿನವೂ ಕೇಳಲಿಲ್ಲ. ಸಂಜೆ ಗಾಡಿಯನ್ನು ಎತ್ತಿನ ಹಾಗೆ ಉಜ್ಜಿ ತೊಳೆದು ಕೊಟ್ಟಿಗೆಯ ಪಕ್ಕ ನಿಲ್ಲಿಸುತ್ತಿದ್ದರು. ನಮ್ಮವರು ಮತ್ತೆ ಶಿಗ್ಗಾಂವಿಯ ಮಾತು ಎತ್ತಿದರು. ನಾನು ಆಗಲಿ ಎಂದೆ. ಎಂದವಳಿಗೆ ಆ ರಾತ್ರಿ ಅಳು ಬಂತು.

ಆ ಫೋನ್ ಬಂದದ್ದು ಒಂದು ಬೆಳಿಗ್ಗೆ. ಹಿರೇಕೆರೂರು ತಾಲೂಕಿನ ಗಡಿಗೆ ತಾಗಿದ ಹಳ್ಳಿಯೊಂದರಿಂದ ಒಬ್ಬ ಹೆಂಗಸು. ಮೊದಲ ಸೂಲಿನ ಎಮ್ಮೆ, ಕರುವಿನ ಒಂದು ಕಾಲು ಮಾತ್ರ ಹೊರಗೆ. “ನೀವು ಬರೂದಿಲ್ಲಂತ ಮಂದಿ ಅಂತಾರ್ರೀ ಬಾಯಾರ. ಆದ್ರೂ ಒಂದ ಮಾತ ಕೇಳೂಣು ಅಂತ ಮಾಡೇನಿ,” ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬರ್ತೇನಿ ಎಂದು ಹೇಳಿ ಪೆಟ್ಟಿಗೆ ಕಟ್ಟಿದೆ. ಡಾಂಬರು ಮುಗಿದಲ್ಲಿ ನಿಲ್ಲಿಸಿದರೆ ಮತ್ತೆ ತಿರುಗಿಬಿಡುತ್ತೇನೆಂದು ನಿಲ್ಲಿಸಲೇ ಇಲ್ಲ.

ಬಹಳ ದೂರ ಚೆನ್ನಾಗಿಯೇ ಹೋದೆ. ಮುಂದೆ ಹಳ್ಳಕ್ಕೆ ಇಳಿಯುವ ಇಳಿಜಾರು ಬಂತು. ಕಾಲಿನ ಬ್ರೇಕು ಒತ್ತಿದೆ. ಏನೂ ಆಗಲಿಲ್ಲ. ಇನ್ನೂ ಒತ್ತಿದೆ, ಗಾಡಿ ಹಾಗೇ ಇಳಿಯಿತು. ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಜೋರಾಗಿ ಹಿಡಿದೆ. ಮುಂದಿನ ಗಾಲಿ ಜಾರಿತು. ನಾನೊಂದು ಕಡೆ, ಗಾಡಿಯೊಂದು ಕಡೆ.

ಅದೇ ರಾಡಿ, ಅದೇ ಮಳೆ, ಅದೇ ಗೋವಿನಜೋಳ. ಕಾಲು ಸಿಕ್ಕಿಕೊಂಡಿರಲಿಲ್ಲ, ಏನೂ ಮುರಿದಿರಲಿಲ್ಲ. ಆದರೂ ಕಿವಿ ತಾನಾಗಿ ಯಾರಾದರೂ ಬರುತ್ತಾರೇನೋ ಎಂದು ಕೇಳತೊಡಗಿತು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ನನಗೆ ಹೊಳೆಯಿತು, ಯಾರೂ ಬರಬೇಕಾಗಿಲ್ಲ ಎಂದು. ಗೇರಿನಲ್ಲಿದೆಯೋ ನೋಡಿದೆ. ಬೆನ್ನು ಕೊಟ್ಟು ತಗ್ಗಿ ಕುಳಿತೆ. ಕಾಲಿನಿಂದ ಎದ್ದೆ. ಎದ್ದು ನಿಂತ ಗಾಡಿಯನ್ನು ಹಿಡಿದುಕೊಂಡು, ಮಳೆಯಲ್ಲಿ ಒಬ್ಬಳೇ ಹುಚ್ಚಿಯ ಹಾಗೆ ನಕ್ಕೆ.

ಹಿಂದಿನ ಬ್ರೇಕು ಇಲ್ಲದ್ದಕ್ಕೆ ಉಳಿದ ಇಳಿಜಾರನ್ನು ಒಂದನೇ ಗೇರಿನಲ್ಲಿ ಇಳಿದೆ. ಫೋರ್ ಸ್ಟ್ರೋಕ್ ಎಂಜಿನ್ನಿನ ಗುಣ ಅದು, ಎಕ್ಸಿಲರೇಟರ್ ಬಿಟ್ಟರೆ ಗಾಡಿಯನ್ನು ತಾನೇ ಹಿಡಿದು ಇಳಿಸುತ್ತದೆ. ಎಮ್ಮೆ ಇನ್ನೂ ಜೀವ ಹಿಡಿದಿತ್ತು. ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ತಿರುಗಿಸಿ ತರುವಷ್ಟರಲ್ಲಿ ನನ್ನ ತೋಳು ಸತ್ತುಹೋಗಿತ್ತು. ಹೆಣ್ಣುಗರು ಬಂತು. ಮೂಗಿಗೆ ಹುಲ್ಲುಕಡ್ಡಿ ಆಡಿಸಿದಾಗ ಸೀನಿತು. ಆ ಹೆಂಗಸು ನನ್ನ ಕೈಗೆ ಬಿಸಿನೀರು ಹಾಕುತ್ತ ಹಾಕುತ್ತ ಅತ್ತಳು.

ಹೊಳೆಯಿಂದ ಎದ್ದ ಎಮ್ಮೆಯ ಹಾಗೆ ಮನೆಗೆ ಬಂದೆ. ಬ್ರೇಕು ಕೆಟ್ಟಿದೆ ಎಂದು ಫೋನ್ ಮಾಡಿದ್ದಕ್ಕೆ ಇಮಾಮಸಾಬ್ ಮಧ್ಯಾಹ್ನವೇ ಬಂದರು. ಹಿಂದಿನ ಗಾಲಿಯ ಬ್ರೇಕಿನ ತಟ್ಟೆಯನ್ನು ಮುಟ್ಟಿ, ಬೆರಳನ್ನು ಮೂಸಿ ನೋಡಿದರು.

“ಯಾ ಅಲ್ಲಾ! ಕೀಲೆಣ್ಣಿ ಐತಲ್ರೀ ಇದು! ಯಾರ್ ಹಚ್ಚಿದ್ರಿ?”

ಕೀಲೆಣ್ಣೆ ಎಂದರೆ ಚಕ್ಕಡಿಯ ಅಚ್ಚಿಗೆ ಹಾಕುವ ಎಣ್ಣೆ, ಬ್ರೇಕಿನ ತಟ್ಟೆಗೆ ತಾಗಿದರೆ ಬ್ರೇಕು ಹಿಡಿಯುವುದಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾವನ ಮುಖ ಇಳಿಯಿತು. “ನಾನಽ ಹಚ್ಚೇನಿ,” ಎಂದರು. “ನಿನ್ನಿ ತೊಳೀಬೇಕಾದ್ರ ಗಾಲಿ ಕಿರ್ರ್ ಅಂತ ಒದರಾಕತ್ತಿತ್ತು. ಕೀಲು ಒಣಗೇತಿ, ಹುಡುಗಿ ಹಾದ್ಯಾಗ ನಿಂದರಬಾರ್ದು ಅಂತ... ಮುಂದಿನದಕ್ಕೂ ಹಚ್ಚಾಂವಿದ್ದೆ. ಎಣ್ಣಿ ತೀರಿತ್ತು.”

ಇಮಾಮಸಾಬ್ ತಟ್ಟೆ ಒರೆಸತೊಡಗಿದರು. ಒಳಗೆ ಕುಡಿದ ಎಣ್ಣೆ ಬಿಡುವುದಿಲ್ಲವೆಂದು ಬ್ರೇಕಿನ ಬಿಲ್ಲೆಗಳನ್ನು ಬದಲಿಸಿದರು. ಮಾವ ಕೊಟ್ಟಿಗೆಗೆ ಹೋಗಿ ಕುಳಿತವರು ಊಟಕ್ಕೆ ಕರೆದರೂ ಬರಲಿಲ್ಲ. ನಾನು ತಾಟು ಅಲ್ಲಿಗೇ ಒಯ್ದೆ.

“ಆ ಶಿಗ್ಗಾಂವಿ ವರ್ಗಾ ಮಾಡಿಸ್ಕೊಂಡು ಬಿಡು ಯವ್ವಾ,” ಎಂದರು ತಲೆ ಎತ್ತದೆ. “ನಾನಽ ಹೇಳಾಕತ್ತೇನಿ ಈಗ. ನನ್ನ ಕೈಯಾರ ನಿನ್ನ ಕೊಲ್ಲತಿದ್ದೆ.”

ಅವರ ಎದುರು ನೆಲದ ಮೇಲೆ ಕುಳಿತೆ. ಎತ್ತುಗಳು ಮೆಲುಕು ಹಾಕುತ್ತಿದ್ದವು.

“ಮಾವಾರ, ಬಿದ್ದಿದ್ದೆ,” ಎಂದೆ. “ಎಬ್ಬಿಸಿದೆ. ಅಲ್ಲಿ ಯಾರೂ ಇದ್ದಿಲ್ಲ. ನಾ ಒಬ್ಬಾಕಿನ ಎಬ್ಬಿಸಿದೆ.”

ಅವರು ಆಗ ತಲೆ ಎತ್ತಿದರು. ಬಹಳ ಹೊತ್ತು ನನ್ನನ್ನು ನೋಡಿದರು, ಕೊಳ್ಳುವ ಎತ್ತನ್ನು ನೋಡುವ ಹಾಗೆ, ಬಿಡಿಸಿ ಬಿಡಿಸಿ. ಆಮೇಲೆ ತಾಟನ್ನು ಎಳೆದುಕೊಂಡು ರೊಟ್ಟಿ ಮುರಿದರು. ನಾನು ಶಿಗ್ಗಾಂವಿಯ ಜಾಗ ಕೇಳಲಿಲ್ಲ. ಅದಕ್ಕೆ ನಮ್ಮವರಿಗೆ ಕಾರಣ ಹೇಳಬೇಕಾಗಲಿಲ್ಲ. ಶನಿವಾರ ಬಂದವರು ಗಾಡಿಗೆ ಮೆತ್ತಿದ ರಾಡಿಯನ್ನು ನೋಡಿ, ನನ್ನನ್ನು ನೋಡಿ, ತಾವೇ ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಮಳೆಗಾಲಗಳು ಬಂದು ಹೋಗಿವೆ. ಬಿಳಿ ಗಾಡಿಯ ಬಣ್ಣ ಈಗ ಬಿಳಿಯೆಂದು ಹೇಳುವ ಹಾಗಿಲ್ಲ. ಹೋದ ವರ್ಷ ಮಾವ ಬಚ್ಚಲಲ್ಲಿ ಬಿದ್ದು ಸೊಂಟದ ಎಲುಬು ಮುರಿದು ಆಪರೇಷನ್ ಆಯಿತು. ಈಗ ಮಂಚದಿಂದ ತಾವಾಗಿ ಏಳಲಾರರು. ಬಿದ್ದ ದಿನದಿಂದ ಅವರಿಗೂ ಅಂಜಿಕೆ ಹೊಕ್ಕಿದೆ. ಎಬ್ಬಿಸುತ್ತೇನೆ ಎಂದರೆ ನಾಳೆ ನೋಡೂಣು ಎನ್ನುತ್ತಾರೆ.

ನಿನ್ನೆ ಮೆಟ್ಟಿಲಿನಿಂದ ಎದ್ದು, ಕೈಕಾಲು ತೊಳೆದು ಒಳಗೆ ಹೋದೆ. ಅವರನ್ನು ಮಂಚದ ಅಂಚಿಗೆ ಸರಿಸಿ, ಕಾಲು ನೆಲಕ್ಕೆ ಊರಿಸಿದೆ. ಬಗ್ಗಿ ಎತ್ತಲಿಲ್ಲ. ಪಕ್ಕದಲ್ಲಿ ಮೊಣಕಾಲು ಮಡಚಿ ತಗ್ಗಿ, ಅವರ ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡು, ಒಂದು ಕೈಯನ್ನು ನಡುವಿಗೆ ಕೊಟ್ಟೆ. ಮೈಯೆಲ್ಲ ಬಿಗಿ ಹಿಡಿದಿದ್ದ ಮಾವನಿಗೆ ಆ ಕುಳಿತ ರೀತಿಯ ಗುರುತು ಸಿಕ್ಕಿರಬೇಕು. ಸೊಟ್ಟಗೆ ನಕ್ಕರು.

“ಗೇರನ್ಯಾಗ ಹಾಕೀಯೇನ?”

“ಹಾಕೇನ್ರಿ ಮಾವಾರ.”

“ಕೈಲೆ ಎತ್ತಬ್ಯಾಡ ಮತ್ತ.”

“ಇಲ್ರಿ.”

“ಹಂಗಾರ ಏಳು,” ಎಂದರು. ಎದ್ದೆ. ಅವರೂ ನನ್ನ ಜೊತೆ ಎದ್ದರು.